ಮೊದಲು ಪಾಲು, ಆಮೇಲೆ ಸೂತ್ರ

ಹತ್ತನೇ ತರಗತಿಯ ಮಕ್ಕಳೇ, ಕಂಸದ ಉದ್ದದ ಸೂತ್ರವನ್ನು ಉರು ಹೊಡೆಯಲು ಕೂರಬೇಡಿ. ಕೇಂದ್ರದಲ್ಲಿ ಉಂಟಾದ ಕೋನ 360 ಡಿಗ್ರಿಯಲ್ಲಿ ಎಷ್ಟನೇ ಪಾಲು ಅಂತ ಮೊದಲು ಕೇಳಿಕೊಳ್ಳಿ. ಪರಿಧಿಯಲ್ಲೂ ಅಷ್ಟೇ ಪಾಲು ಆ ಕಂಸದ್ದು. ಇಡೀ ಸೂತ್ರ ಇಷ್ಟರಲ್ಲೇ ಇದೆ.

ಕೈವಾರ ಹಿಡಿದು ಒಂದೇ ಕೇಂದ್ರದಿಂದ 3.5 ಸೆಂ.ಮೀ. ಮತ್ತು 7 ಸೆಂ.ಮೀ. ತ್ರಿಜ್ಯದ ಎರಡು ವೃತ್ತ ಎಳೆಯಿರಿ. ಕೇಂದ್ರದಲ್ಲಿ 90 ಡಿಗ್ರಿ ಕೋನ ಗುರುತಿಸಿ, ಅದರ ಬಾಹುಗಳನ್ನು ಹೊರಗಿನ ವೃತ್ತದವರೆಗೆ ಎಳೆಯಿರಿ. ಈಗ ಕಂಸಗಳ ಮೇಲೆ ದಾರ ಕೂರಿಸಿ ಅಳೆಯಿರಿ. ಒಳಗಿನದು ಸುಮಾರು 5.5 ಸೆಂ.ಮೀ., ಹೊರಗಿನದು ಸುಮಾರು 11. ಕೋನ ಒಂದೇ, ಉದ್ದ ಮಾತ್ರ ಎರಡು ಪಟ್ಟು. ಡಿಗ್ರಿಯಲ್ಲಿ ಹೇಳುವ ಅಳತೆಗೂ ಸೆಂಟಿಮೀಟರಿನಲ್ಲಿ ಹೇಳುವ ಉದ್ದಕ್ಕೂ ಇರುವ ಈ ವ್ಯತ್ಯಾಸ ಒಮ್ಮೆ ಕೈಗೆ ಸಿಕ್ಕಿತೆಂದರೆ ಮುಂದಿನ ಲೆಕ್ಕಗಳು ಸಲೀಸು.

ಕ್ರಿ.ಪೂ. 3ನೇ ಶತಮಾನದಲ್ಲಿ ಗ್ರೀಕ್ ವಿದ್ವಾಂಸ ಎರಾಟೋಸ್ತನೀಸ್ ಭೂಮಿಯ ಸುತ್ತಳತೆ ತೆಗೆದದ್ದೂ ಹೀಗೆಯೇ. ಈಜಿಪ್ಟಿನ ಸಯೀನ್‌ನಲ್ಲಿ ಸೂರ್ಯ ನೆತ್ತಿಯ ಮೇಲಿದ್ದ ಮಧ್ಯಾಹ್ನ ಅಲೆಕ್ಸಾಂಡ್ರಿಯಾದ ನೆರಳು ತೋರಿಸಿದ ಕೋನ ಸುಮಾರು 7.2 ಡಿಗ್ರಿ, ಅಂದರೆ ವೃತ್ತದ 50ನೇ ಒಂದು ಪಾಲು. ಎರಡೂ ಊರುಗಳ ನಡುವಿನ ದೂರ 5,000 ಸ್ಟೇಡಿಯಾ (ಆ ಕಾಲದ ಉದ್ದದ ಮಾನ) ಎಂದು ಹಿಡಿದು 50ರಿಂದ ಗುಣಿಸಿದ, ಉತ್ತರ 2,50,000 ಸ್ಟೇಡಿಯಾ. ಎಂಥ ಧೈರ್ಯದ ಲೆಕ್ಕ ನೋಡಿ!

ಇನ್ನೊಂದು ಮಾತು. ಪ್ರಶ್ನೆಯಲ್ಲಿ ಅಧಿಕ ಕಂಸ ಕೇಳಿದ್ದರೆ, ಕೊಟ್ಟ ಕೋನವನ್ನು 360ರಿಂದ ಕಳೆದು ಮುಂದುವರಿಯಿರಿ. ಅವಸರದಲ್ಲಿ ಅಂಕ ಕೈತಪ್ಪುವುದು ಇಲ್ಲೇ.