ರಾಷ್ಟ್ರಪತಿ ಪದವಿಯ ಉಮೇದುವಾರರೂ ದುಡಿಯುವ ಜನರೂ

(ಅಂತಿಮ ಬಿ.ಎ. ವಿದ್ಯಾರ್ಥಿ)

ಪ್ರಜಾಪ್ರಭುತ್ವದಲ್ಲಿ ಪ್ರತಿಯೊಬ್ಬನ ಪರವಾಗಿಯೂ ಯಾರಾದರೊಬ್ಬರು ಮಾತನಾಡಬೇಕಾಗುತ್ತದೆ. ಹೊಲದಲ್ಲಿ, ಕಾರ್ಖಾನೆಯಲ್ಲಿ, ರೈಲುದಾರಿಯಲ್ಲಿ ದುಡಿಯುವವನಿಗೆ ಸಭೆಗೆ ಹೋಗಿ ಮಾತನಾಡಲು ಬಿಡುವೆಲ್ಲಿ? ಹಾಗಾದರೆ ಅವನ ಮಾತನ್ನು ಆಡತಕ್ಕವರು ಯಾರು? ಅವನ ನಡುವೆ ಹುಟ್ಟಿದವರೋ, ಅವನಿಗಾಗಿ ಹೋರಾಡಿದವರೋ? ಈ ಪ್ರಶ್ನೆಯನ್ನು 1969ರ ರಾಷ್ಟ್ರಪತಿ ಚುನಾವಣೆಯ ಉದಾಹರಣೆಯಿಂದ ವಿವೇಚಿಸುವುದು ಈ ಲೇಖನದ ಉದ್ದೇಶ.

ಆ ಚುನಾವಣೆಯ ಪಾಠವನ್ನು ಕೇಳಿದ ದಿನ ಸಂಜೆ ನಾವು ನಾಲ್ವರು ಸಹಪಾಠಿಗಳು ಹಾಸನದ ಬಸ್ ನಿಲ್ದಾಣದಲ್ಲಿ ನಿಂತು ವಾದಕ್ಕೆ ತೊಡಗಿದೆವು. ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣದ ಮೂವರೂ ತಂತಮ್ಮ ಬಸ್ಸುಗಳನ್ನು ತಪ್ಪಿಸಿಕೊಂಡರೇ ಹೊರತು ವಾದ ಮುಗಿಯಲಿಲ್ಲ.

ಮೊದಲು ನಡೆದ ಸಂಗತಿಯನ್ನು ಹೇಳುವೆನು. 1969ರ ಮೇ 3ರಂದು ರಾಷ್ಟ್ರಪತಿ ಜಾಕಿರ್ ಹುಸೇನರು ನಿಧನರಾದರು. ಉಪರಾಷ್ಟ್ರಪತಿ ವಿ. ವಿ. ಗಿರಿಯವರು ಹಂಗಾಮಿ ರಾಷ್ಟ್ರಪತಿಗಳಾದರು. ಮುಂದಿನ ಉಮೇದುವಾರರು ಯಾರೆಂಬ ಜಗಳ ಹತ್ತಿಕೊಂಡದ್ದು ನಮ್ಮ ಬೆಂಗಳೂರಿನಲ್ಲಿಯೇ. ಆ ವರ್ಷದ ಜುಲೈನಲ್ಲಿ ಅಲ್ಲಿ ಕಾಂಗ್ರೆಸ್ ಅಧಿವೇಶನ ಸೇರಿದಾಗ ಪ್ರಧಾನಿ ಇಂದಿರಾ ಗಾಂಧಿಯವರು ಜಗಜೀವನ ರಾಮ್ ಅವರ ಹೆಸರನ್ನು ಸೂಚಿಸಿದರು. ಪಕ್ಷದ ಪಾರ್ಲಿಮೆಂಟರಿ ಮಂಡಳಿಯು ನೀಲಂ ಸಂಜೀವ ರೆಡ್ಡಿಯವರನ್ನು ಆರಿಸಿತು. ಆಗ ಕಾಂಗ್ರೆಸ್ಸಿನ ಅಧ್ಯಕ್ಷರಾಗಿದ್ದವರು ಮೈಸೂರು ರಾಜ್ಯದ ಮುಖ್ಯಮಂತ್ರಿಗಳಾಗಿದ್ದ ಎಸ್. ನಿಜಲಿಂಗಪ್ಪನವರು. ಗಿರಿಯವರು ಪದವಿಗೆ ರಾಜೀನಾಮೆ ಕೊಟ್ಟು ಸ್ವತಂತ್ರರಾಗಿ ನಿಂತರು. ರಿಸರ್ವ್ ಬ್ಯಾಂಕಿನ ಮೊದಲ ಭಾರತೀಯ ಗವರ್ನರ್ ಆಗಿದ್ದ ಸಿ. ಡಿ. ದೇಶಮುಖರೂ ಕಣಕ್ಕಿಳಿದರು.

ಅರಕಲಗೂಡಿನ ಗೆಳೆಯನ ಮನೆಯವರು ಹೊಗೆಸೊಪ್ಪಿನ ಬೇಸಾಯದಲ್ಲಿ ಕೂಲಿ ಮಾಡಿದವರು. ಅವನ ಪಕ್ಷ ಜಗಜೀವನ ರಾಮರದು. ತುಳಿತಕ್ಕೊಳಗಾದ ಜನರ ನಡುವೆ ಹುಟ್ಟಿ, ಸ್ವತಂತ್ರ ಭಾರತದ ಮೊದಲ ಕಾರ್ಮಿಕ ಮಂತ್ರಿಗಳಾದವರು ಅವರು. ಅವರ ಕಾಲದಲ್ಲಿಯೇ 1948ರ ಕನಿಷ್ಠ ವೇತನ ಕಾಯಿದೆ ಬಂದಿತು. ಚನ್ನರಾಯಪಟ್ಟಣದವನು ತೆಂಗಿನ ತೋಟದ ರೈತನ ಮಗ. “ಬೇಸಾಯ ಮಾಡುವವನು ದುಡಿಯುವವನಲ್ಲವೆ?” ಎಂದು ಅವನು ರೈತ ಕುಟುಂಬದ ಸಂಜೀವ ರೆಡ್ಡಿಯವರ ಪರ ವಹಿಸಿದನು. ಹೊಳೆನರಸೀಪುರದ ಗೆಳೆಯನ ಅಜ್ಜ ರೈಲ್ವೆ ಗ್ಯಾಂಗಿನಲ್ಲಿದ್ದವರು. ಅವನಿಗೆ ಗಿರಿಯವರನ್ನು ಬಿಟ್ಟರೆ ಇನ್ನೊಬ್ಬರಿಲ್ಲ. ಗಿರಿಯವರು ಅಖಿಲ ಭಾರತ ರೈಲ್ವೆ ನೌಕರರ ಮಹಾಮಂಡಲದ ಅಧ್ಯಕ್ಷರಾಗಿದ್ದವರು. 1954ರಲ್ಲಿ ಕೇಂದ್ರದ ಕಾರ್ಮಿಕ ಮಂತ್ರಿಗಳಾಗಿದ್ದಾಗ, ಬ್ಯಾಂಕ್ ನೌಕರರಿಗೆ ದೊರೆತ ತೀರ್ಪನ್ನು ಸರ್ಕಾರ ಮಾರ್ಪಡಿಸಿತೆಂದು ಮಂತ್ರಿಪದವಿಯನ್ನೇ ತೊರೆದವರು. 1965ರಿಂದ 1967ರವರೆಗೆ ನಮ್ಮ ರಾಜ್ಯದ ರಾಜ್ಯಪಾಲರೂ ಆಗಿದ್ದರು.

ಆಗಸ್ಟ್ 16ರಂದು ಮತದಾನ ನಡೆಯಿತು. ಮೊದಲ ಎಣಿಕೆಯಲ್ಲಿ ಗಿರಿಯವರಿಗೆ 4,01,515, ರೆಡ್ಡಿಯವರಿಗೆ 3,13,548, ದೇಶಮುಖರಿಗೆ 1,12,769 ಮತಮೌಲ್ಯ ಬಂದು, ಯಾರಿಗೂ ಬಹುಮತ ದೊರೆಯಲಿಲ್ಲ. ಎರಡನೆಯ ಪ್ರಾಶಸ್ತ್ಯದ ಮತಗಳು ಸೇರಿದ ಮೇಲೆ ಗಿರಿಯವರು 4,20,077 ಪಡೆದು ಗೆದ್ದರು. ರೆಡ್ಡಿಯವರು 4,05,427ರಲ್ಲಿ ನಿಂತರು. ವರ್ಷ ಮುಗಿಯುವುದರೊಳಗೆ ಕಾಂಗ್ರೆಸ್ ಒಡೆದು ಎರಡಾಯಿತು.

ಈ ಮತಗಳನ್ನು ಹಾಕಿದವರು ಯಾರು? ಗ್ಯಾಂಗಿನವರಲ್ಲ, ಕೂಲಿಯವರಲ್ಲ. ಸಂವಿಧಾನದ ಮೇರೆಗೆ ಸಂಸತ್ತಿನ ಹಾಗೂ ವಿಧಾನಸಭೆಗಳ ಚುನಾಯಿತ ಸದಸ್ಯರಿಗೆ ಮಾತ್ರ ಈ ಹಕ್ಕು ಉಂಟು. 1962ರಿಂದ ಹೊಳೆನರಸೀಪುರದ ಶಾಸಕರಾಗಿದ್ದು 1996ರಲ್ಲಿ ಪ್ರಧಾನಿಗಳಾದ ಶ್ರೀ ಎಚ್. ಡಿ. ದೇವೇಗೌಡರಿಗೂ ಅಂದು ಆ ಹಕ್ಕಿತ್ತು. ಈಗಿನ ಲೆಕ್ಕದಲ್ಲಿ 1971ರ ಜನಸಂಖ್ಯೆಯನ್ನು, ಅಂದರೆ ಸುಮಾರು 2 ಕೋಟಿ 93 ಲಕ್ಷವನ್ನು, 224 ಶಾಸಕರಿಗೆ ಹಂಚಿ ಸಾವಿರದಿಂದ ಭಾಗಿಸಿದರೆ ಕರ್ನಾಟಕದ ಒಬ್ಬ ಶಾಸಕರ ಮತದ ಮೌಲ್ಯ 131. ಹಾಸನ ಜಿಲ್ಲೆಯ ಏಳು ಶಾಸಕರದು ಸೇರಿ 917. ನಮ್ಮ ಜಿಲ್ಲೆಯ ಸಮಸ್ತ ದುಡಿಯುವವರ ಧ್ವನಿ ಅಲ್ಲಿ ಮುಟ್ಟುವುದು ಈ ಏಳು ಜನರ ಹಾಗೂ ಸಂಸತ್ತಿನ ಸದಸ್ಯರ ಮೂಲಕವೇ.

ಮುಂದಿನ ಸಂಗತಿ ಇನ್ನೂ ವಿಚಾರಾರ್ಹವಾದುದು. 1974ರ ಮೇ 8ರಂದು ದೇಶದ ರೈಲ್ವೆ ನೌಕರರು ಮುಷ್ಕರ ಹೂಡಿದರು. ಅವರ ಮುಂದಾಳು ಮಂಗಳೂರಿನಲ್ಲಿ ಹುಟ್ಟಿದ ಜಾರ್ಜ್ ಫರ್ನಾಂಡಿಸ್. ಒಂದು ಕಾಲಕ್ಕೆ ಗಿರಿಯವರು ಕುಳಿತಿದ್ದ ಮಹಾಮಂಡಲದ ಅಧ್ಯಕ್ಷಪೀಠದಲ್ಲಿಯೇ ಕುಳಿತಿದ್ದವರು. ಸರ್ಕಾರ ಸಾವಿರಾರು ಜನರನ್ನು ಬಂಧಿಸಿತು. ಮೇ 27ರಂದು ಮುಷ್ಕರವನ್ನು ಹಿಂತೆಗೆದುಕೊಳ್ಳಲಾಯಿತು. ಆಗ ರಾಷ್ಟ್ರಪತಿ ಭವನದಲ್ಲಿದ್ದವರು ಅದೇ ಗಿರಿಯವರು. ಈ ಮಾತು ಬಂದಾಗ ಹೊಳೆನರಸೀಪುರದ ಗೆಳೆಯ ತಲೆ ತಗ್ಗಿಸಿದನು.

ಆದರೆ ಗಿರಿಯವರೊಬ್ಬರನ್ನೇ ದೂರುವುದು ನ್ಯಾಯವೆ? ರಾಷ್ಟ್ರಪತಿಗಳು ಮಂತ್ರಿಮಂಡಲದ ಸಲಹೆಯಂತೆ ನಡೆಯತಕ್ಕವರು. ಮಂತ್ರಿಯಾಗಿದ್ದಾಗ ಗಿರಿಯವರಿಗೆ ವಾದಿಸುವ ಅವಕಾಶವಿತ್ತು, ವಾದ ಸೋತಾಗ ಹೊರನಡೆಯುವ ಧೈರ್ಯವೂ ಇತ್ತು. ರಾಷ್ಟ್ರಪತಿಯ ಪೀಠ ಎತ್ತರವಾದುದು, ಆದರೆ ಅಲ್ಲಿಂದ ಕೂಲಿಯ ದರವನ್ನು ಏರಿಸಲಾಗದು. 2022ರಲ್ಲಿ ಸಂತಾಲ ಸಮುದಾಯದ ದ್ರೌಪದಿ ಮುರ್ಮು ಅವರು ಆ ಪದವಿಗೇರಿದುದು ಸಂತೋಷದ ವಿಷಯವೇ. ಅಂಥವರನ್ನು ಅಲ್ಲಿ ಕಂಡಾಗ ಬಡವರ ಮಕ್ಕಳಿಗೆ ಎದೆಯುಬ್ಬುತ್ತದೆ. ಈ ಗೌರವ ಬೇರೆ, ಕೂಲಿಯ ಮಾತು ಬೇರೆ. ಎರಡನ್ನೂ ಒಂದೇ ಎಂದು ತಿಳಿದುದೇ ನಮ್ಮ ವಾದದ ದೋಷವಾಗಿತ್ತು.

ಇದನ್ನು ನನಗೆ ತಿಳಿಯಪಡಿಸಿದವರು ನನ್ನ ತಾಯಿ. ಅವರು ಕಾಫಿಬೀಜ ಆರಿಸುವ ಕೆಲಸಕ್ಕೆ ಹೋಗುತ್ತಾರೆ, ಓದುಬರಹ ಬಾರದು. ಆ ರಾತ್ರಿ ನಮ್ಮ ಚರ್ಚೆಯನ್ನು ಉತ್ಸಾಹದಿಂದ ಹೇಳಿದೆ. ಎಲ್ಲವನ್ನೂ ಕೇಳಿ, “ಅವ್ರು ಯಾರಾದ್ರೂ ಆಗ್ಲಿ ಮಗಾ, ನಮ್ ಕೂಲಿ ಯಾರು ಗೊತ್ತು ಮಾಡೋದು?” ಎಂದರು. ಬಿ.ಎ. ಓದುತ್ತಿದ್ದರೂ ನಾನು ಆ ದರವನ್ನು ಎಂದೂ ನೋಡಿರಲಿಲ್ಲ! ಮರುದಿನ ರಾಜ್ಯ ಸರ್ಕಾರದ ಕನಿಷ್ಠ ವೇತನದ ಅಧಿಸೂಚನೆಯನ್ನು ಹುಡುಕಿ ಓದಿ ಹೇಳಿದೆ. ಅದರಲ್ಲಿ ಹೇಳಿದ ತುಟ್ಟಿಭತ್ಯ ಅವರ ಕೈಗೆ ಪೂರ್ತಿಯಾಗಿ ಬರುತ್ತಿರಲಿಲ್ಲ. ಮುಂದಿನ ಬಟವಾಡೆಯ ದಿನ ಅವ್ವ ನಾಲ್ಕು ಜನ ಹೆಂಗಸರನ್ನು ಜೊತೆಗೆ ಕರೆದುಕೊಂಡು ಹೋಗಿ ಕೇಳಿದರು. “ನೋಡೋಣ” ಎಂಬ ಉತ್ತರ ಬಂದಿದೆ. ಅವರು ಮತ್ತೆ ಕೇಳುವವರಿದ್ದಾರೆ.

ದುಡಿಯುವವರ ಪರವಾಗಿ ಮಾತನಾಡುವವರು ಯಾರೆಂಬುದಕ್ಕೆ ನನಗೆ ದೊರೆತ ಉತ್ತರ ಇಷ್ಟು: ಮೊದಲು ದುಡಿಯುವವರೇ ಕೂಡಿ ಮಾತನಾಡಬೇಕು, ಕೂಲಿಯನ್ನು ನಿಗದಿ ಮಾಡುವ ವಿಧಾನಸೌಧಕ್ಕೆ ಆ ಮಾತನ್ನು ಮುಟ್ಟಿಸಲು ನಮ್ಮ ಶಾಸಕರನ್ನು ಒತ್ತಾಯಿಸಬೇಕು. ಅವರ ಮನೆಗಳಿಂದ ಕಾಲೇಜಿಗೆ ಬಂದ ನಮ್ಮಂಥವರು ಅಧಿಸೂಚನೆಯನ್ನಾದರೂ ಓದಿ ಹೇಳಬಹುದಲ್ಲವೆ? 2027ರಲ್ಲಿ ಮತ್ತೆ ರಾಷ್ಟ್ರಪತಿ ಚುನಾವಣೆ ಬರಲಿದೆ. ಆಗಲೂ ನಾವು ವಾದಿಸೋಣ; ಆದರೆ ವಾದ ಮುಗಿಸಿ ಮನೆಗೆ ಹೋದಾಗ ಅವ್ವನ ಪ್ರಶ್ನೆಗೆ ಉತ್ತರ ಸಿದ್ಧವಾಗಿರಲಿ.