ಆಡುವ ಕಾರ್ಡು, ಕೂಡಿಡುವ ಕಾರ್ಡು

ಟ್ರೇಡಿಂಗ್ ಕಾರ್ಡ್ ಆಟದ ಅಂಗಡಿಗೆ ಹೊಸದಾಗಿ ಹೋದವರಿಗೆ ಮೊದಲು ಗೊಂದಲ ಹುಟ್ಟಿಸುವುದು ಬೆಲೆ. ಒಂದೇ ಅಳತೆಯ ಎರಡು ಕಾರ್ಡುಗಳಲ್ಲಿ ಒಂದು ಚಿಲ್ಲರೆಗೆ ಸಿಗುತ್ತದೆ, ಇನ್ನೊಂದಕ್ಕೆ ಸಾವಿರಗಟ್ಟಲೆ ಕೇಳುತ್ತಾರೆ. ಕೊಳ್ಳುವವರಲ್ಲಿ ಆಡುವವರು, ಕೂಡಿಡುವವರು ಎಂದು ಎರಡು ಬಗೆ ಇದೆ ಎಂದು ತಿಳಿದರೆ ಈ ಗೊಂದಲ ಅರ್ಧ ಬಗೆಹರಿದಂತೆ.

ಇಸ್ಪೀಟಿನಲ್ಲಿ ಎಲ್ಲರಿಗೂ ಅದೇ 52 ಎಲೆ. ಇಲ್ಲಿ ಪ್ರತಿ ಆಟಗಾರನೂ ತನ್ನ ಡೆಕ್ (ಆಡುವ ಕಾರ್ಡುಗಳ ಕಟ್ಟು) ತಾನೇ ಕಟ್ಟಿಕೊಂಡು ಬರುತ್ತಾನೆ. ಗಣಿತಜ್ಞ ರಿಚರ್ಡ್ ಗಾರ್ಫೀಲ್ಡ್ ರೂಪಿಸಿದ 'ಮ್ಯಾಜಿಕ್: ದ ಗ್ಯಾದರಿಂಗ್' 1993ರಲ್ಲಿ ಅಮೆರಿಕದಲ್ಲಿ ಬಂತು, 1996ರಲ್ಲಿ ಜಪಾನಿನಲ್ಲಿ ಪೋಕೆಮಾನ್ ಕಾರ್ಡುಗಳು ಬಂದವು. ಇಂಥ ಕಾರ್ಡುಗಳನ್ನು ಮುಚ್ಚಿದ ಪ್ಯಾಕಿನಲ್ಲಿ ಮಾರುತ್ತಾರೆ; ಒಳಗೆ ಯಾವ ಕಾರ್ಡಿದೆಯೋ ಒಡೆದ ಮೇಲೆಯೇ ಗೊತ್ತಾಗುವುದು.

ಆಟಗಾರ ನೋಡುವುದು ಕಾರ್ಡಿನ ಮೇಲೆ ಬರೆದಿರುವ ನಿಯಮವನ್ನು. ಪೋಕೆಮಾನ್ ಡೆಕ್‌ಗೆ 60 ಕಾರ್ಡು ಬೇಕು; 'ಬೇಸಿಕ್ ಎನರ್ಜಿ' ಕಾರ್ಡುಗಳನ್ನು ಬಿಟ್ಟರೆ ಒಂದೇ ಹೆಸರಿನವು ನಾಲ್ಕಕ್ಕಿಂತ ಹೆಚ್ಚು ಇರುವಂತಿಲ್ಲ. ಗೆಲ್ಲಿಸುವ ಕಾರ್ಡಿಗೆ ಬೇಡಿಕೆ ಏರುತ್ತದೆ. ಆದರೆ 'ಸ್ಟ್ಯಾಂಡರ್ಡ್' ಪಂದ್ಯಗಳಿಂದ ಹಳೆಯ ಕಾರ್ಡುಗಳನ್ನು ಕಾಲಕಾಲಕ್ಕೆ ಕೈಬಿಡುತ್ತಾರೆ. ಆಗ ಆ ಬೇಡಿಕೆ ಸಾಮಾನ್ಯವಾಗಿ ಇಳಿಯುತ್ತದೆ.

ಸಂಗ್ರಾಹಕ ನೋಡುವುದು ಚಿತ್ರ, ಮುದ್ರಣ, ಅಪರೂಪ, ಸ್ಥಿತಿ. ಪಿಎಸ್‌ಎ ಮುಂತಾದ ಸಂಸ್ಥೆಗಳು ಮೂಲೆ, ಅಂಚು, ಮೇಲ್ಮೈ ಪರೀಕ್ಷಿಸಿ 10ರವರೆಗೆ ಅಂಕ ಕೊಡುತ್ತವೆ. ಜಪಾನಿನ ಚಿತ್ರಸ್ಪರ್ಧೆಯಲ್ಲಿ ಬಹುಮಾನವಾಗಿ ಕೊಟ್ಟಿದ್ದ 'ಪಿಕಾಚು ಇಲಸ್ಟ್ರೇಟರ್' ಕಾರ್ಡೊಂದನ್ನು 2021ರಲ್ಲಿ ಯೂಟ್ಯೂಬರ್ ಲೋಗನ್ ಪಾಲ್ 50 ಲಕ್ಷ ಡಾಲರಿಗೂ ಹೆಚ್ಚು ಬೆಲೆಗೆ ಪಡೆದರು. ಆಟದಲ್ಲಿ ಗೆಲ್ಲಲು ಯಾರಿಗೂ ಅದು ಬೇಕಿಲ್ಲ.

ಇವರಿಬ್ಬರ ಹಿತ ಎದುರುಬದುರಾಗುವುದು ಮರುಮುದ್ರಣದಲ್ಲಿ. ಮತ್ತೆ ಅಚ್ಚಾದರೆ ಆಟಗಾರನಿಗೆ ಅಗ್ಗ, ಸಂಗ್ರಾಹಕನಿಗೆ ನಷ್ಟ. 1995ರಲ್ಲಿ ಮ್ಯಾಜಿಕ್ ಕಂಪನಿ 'ಕ್ರಾನಿಕಲ್ಸ್' ಹೆಸರಿನಲ್ಲಿ ಹಳೆಯ ಕಾರ್ಡುಗಳನ್ನು ಮತ್ತೆ ಅಚ್ಚು ಹಾಕಿದಾಗ ಸಂಗ್ರಾಹಕರು ಸಿಟ್ಟಾದರು. ಮರುವರ್ಷ 'ರಿಸರ್ವ್ಡ್ ಲಿಸ್ಟ್' ಬಂತು: ಪಟ್ಟಿಯಲ್ಲಿರುವ ಕಾರ್ಡುಗಳನ್ನು ಮತ್ತೆ ಮುದ್ರಿಸುವುದಿಲ್ಲವೆಂಬ ಮಾತು. ಮ್ಯಾಜಿಕ್‌ನ ಹಳೆಯ 'ಡ್ಯುಯಲ್ ಲ್ಯಾಂಡ್' ಕಾರ್ಡುಗಳು ಆಡಲೂ ಬೇಕು, ಪಟ್ಟಿಯಲ್ಲೂ ಇವೆ. ಹಾಗಾಗಿ ಇಂದಿಗೂ ದುಬಾರಿ.

ನೀವು ಆಡಲು ಹೊರಟಿದ್ದರೆ ಪ್ಯಾಕ್ ಒಡೆಯುತ್ತ ಕೂರಬೇಡಿ. ಸಿದ್ಧ ಡೆಕ್ ಒಂದನ್ನು ಕೊಂಡು ಆಟ ಕಲಿಯಿರಿ, ಆಮೇಲೆ ಬೇಕಾದ ಕಾರ್ಡನ್ನಷ್ಟೇ ಬಿಡಿಯಾಗಿ ಕೊಳ್ಳಿ. ಅದೇ ಕಾರ್ಡಿನ ವಿಶೇಷ ಚಿತ್ರದ ಆವೃತ್ತಿಗೆ ಹತ್ತುಪಟ್ಟು ಬೆಲೆ ಇದ್ದರೂ ಆಟದಲ್ಲಿ ಅದರ ಬಲ ಸಾದಾ ಕಾರ್ಡಿನಷ್ಟೇ. ಕೂಡಿಡುವ ಆಸೆಯಿದ್ದರೆ ಒಂದು ಸೆಟ್ಟನ್ನೋ ಒಬ್ಬ ಚಿತ್ರಕಾರನನ್ನೋ ಆರಿಸಿಕೊಳ್ಳಿ, ಕಾರ್ಡು ಕೈಗೆ ಬಂದ ಕೂಡಲೇ ಪ್ಲಾಸ್ಟಿಕ್ ಕವರಿಗೆ ಹಾಕಿ. ಎರಡೂ ಬೇಕೆಂದರೆ ಎರಡಕ್ಕೂ ಬೇರೆ ಬೇರೆ ದುಡ್ಡು ಎತ್ತಿಡಿ.