ಕಾಲೋ, ಮಗ್ಗವೋ?

ಬೆಳಗಾವಿ ಜಿಲ್ಲೆಯ ರಾಮದುರ್ಗವು ನೇಕಾರಿಕೆಗೆ ಹೆಸರಾದ ಊರು. ಕೈಮಗ್ಗದ ಕುಣಿಯಲ್ಲಿ ಕಾಲಿಳಿಸಿ ಕುಳಿತ ನೇಕಾರನು ಕಾಲಿನಿಂದ ಮಣೆಗಳನ್ನು ತುಳಿಯುತ್ತಾನೆ. ಕೈಯಿಂದ ಲಾಳಿಯನ್ನು ಓಡಿಸುತ್ತಾನೆ. ಅವನ ಒಂದು ಕಾಲು ಶಕ್ತಿಗುಂದಿತೆಂದು ಭಾವಿಸೋಣ. ಆಗ ಎರಡು ಪ್ರಶ್ನೆಗಳು ಏಳುತ್ತವೆ. ಆ ಕಾಲನ್ನು ಸರಿಪಡಿಸುವುದು ಹೇಗೆ? ಆ ಮಗ್ಗವನ್ನು ಮಾರ್ಪಡಿಸುವುದು ಹೇಗೆ? ಅಂಗವಿಕಲತೆ ಮತ್ತು ಪುನರ್ವಸತಿಯನ್ನು ಕುರಿತ ಸಂಶೋಧನೆಯು ಬಹುಕಾಲ ಮೊದಲನೆಯ ಪ್ರಶ್ನೆಯನ್ನೇ ಕೇಳಿತು; ಎರಡನೆಯದನ್ನು ಕೇಳಲು ನಿಧಾನವಾಗಿ ಕಲಿಯಿತು.

ಎರಡು ಮಹಾಯುದ್ಧಗಳಲ್ಲಿ ಅಸಂಖ್ಯ ಸೈನಿಕರು ಕೈಕಾಲುಗಳನ್ನು ಕಳೆದುಕೊಂಡರು. ಅವರನ್ನು ಮರಳಿ ದುಡಿಮೆಗೆ ತರುವ ಅಗತ್ಯದಿಂದ ಪುನರ್ವಸತಿ ಶಾಸ್ತ್ರವು ಬಲಗೊಂಡಿತು. ನಮ್ಮ ದೇಶದಲ್ಲಿ, ವೆಲ್ಲೂರಿನಲ್ಲಿ ಡಾಕ್ಟರ್ ಪಾಲ್ ಬ್ರಾಂಡ್ ಅವರು 1940ರ ದಶಕದ ಕೊನೆಯಲ್ಲಿ ಕುಷ್ಠರೋಗಿಗಳ ಮಡಿಚಿದ ಬೆರಳುಗಳಿಗೆ ಶಸ್ತ್ರಚಿಕಿತ್ಸೆ ಆರಂಭಿಸಿದರು. ಸ್ಪರ್ಶಜ್ಞಾನವಿಲ್ಲದ ಕೈಗೆ ಅರಿವಿಲ್ಲದೆ ಆಗುವ ಗಾಯಗಳೇ ಬೆರಳುಗಳ ನಾಶಕ್ಕೆ ಮುಖ್ಯ ಕಾರಣವೆಂಬುದನ್ನು ತೋರಿಸಿಕೊಟ್ಟರು. 1965ರಲ್ಲಿ ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಸ್ಥಾಪನೆಯಾಯಿತು. 1968ರ ಸುಮಾರಿಗೆ ಕುಶಲಕರ್ಮಿ ರಾಮಚಂದ್ರ ಶರ್ಮಾ ಮತ್ತು ಡಾಕ್ಟರ್ ಪಿ. ಕೆ. ಸೇಠಿ ಅವರು ರಬ್ಬರಿನ ಜೈಪುರ ಪಾದವನ್ನು ರೂಪಿಸಿದರು. ಅದನ್ನು ಧರಿಸಿದ ರೈತನು ಬರಿಗಾಲಿನಂತೆ ಕೆಸರಿನಲ್ಲಿ ನಡೆಯಬಲ್ಲನು, ನೆಲದ ಮೇಲೆ ಕುಳಿತುಕೊಳ್ಳಬಲ್ಲನು. ಇಲ್ಲಿ ದೇಹದ ಜೊತೆಗೆ ಬದುಕಿನ ರೀತಿಯೂ ಸಂಶೋಧಕರ ಗಮನಕ್ಕೆ ಬಂದಿತು.

ಆದರೆ ಆಸ್ಪತ್ರೆಗಳಿದ್ದುದು ನಗರಗಳಲ್ಲಿ. ರೋಗಿಗಳಲ್ಲಿ ಬಹುಮಂದಿ ಇದ್ದುದು ಹಳ್ಳಿಗಳಲ್ಲಿ. ಈ ಕಾರಣದಿಂದ 1978ರ ಅಲ್ಮಾ ಅಟಾ ಘೋಷಣೆಯ ಬಳಿಕ, ಮನೆಯವರನ್ನೂ ನೆರೆಯವರನ್ನೂ ತರಬೇತುಗೊಳಿಸುವ ಸಮುದಾಯ ಆಧಾರಿತ ಪುನರ್ವಸತಿಯ ಪ್ರಯೋಗಗಳು ಹಬ್ಬಿದವು. ಅದೇ ಕಾಲದಲ್ಲಿ ಅಂಗವಿಕಲರೇ ಸಂಘಟಿತರಾಗಿ, ತಮಗೆ ಅಡ್ಡಿಯಾಗಿರುವುದು ದೇಹವೊಂದೇ ಅಲ್ಲ, ಸಮಾಜವೂ ಹೌದು ಎಂದು ಸಾರಿದರು. 2001ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ತನ್ನ ಹೊಸ ವರ್ಗೀಕರಣದಲ್ಲಿ ಪರಿಸರದ ಅಡ್ಡಿಗಳಿಗೂ ಸ್ಥಾನ ನೀಡಿತು. ಭಾರತದ 1995ರ ಕಾನೂನು 7 ಬಗೆಯ ವೈಕಲ್ಯಗಳನ್ನು ಗುರುತಿಸಿದ್ದರೆ, 2016ರ ಕಾನೂನು 21 ಬಗೆಗಳನ್ನು ಗುರುತಿಸಿತು. 2011ರ ಜನಗಣತಿಯಂತೆ ದೇಶದಲ್ಲಿದ್ದ ಅಂಗವಿಕಲರ ಸಂಖ್ಯೆ ಸುಮಾರು 2 ಕೋಟಿ 68 ಲಕ್ಷ.

ಹಾಗೆಂದು ಮೊದಲನೆಯ ಪ್ರಶ್ನೆ ವ್ಯರ್ಥವಲ್ಲ. ಲಸಿಕೆಯ ಬಲದಿಂದ 2014ರಲ್ಲಿ ಭಾರತವು ಪೋಲಿಯೋಮುಕ್ತವೆಂದು ಘೋಷಿತವಾಯಿತು. ಆದರೆ ಲಸಿಕೆಯು ಬರುವ ಮುನ್ನ ರೋಗಕ್ಕೆ ತುತ್ತಾದವರು ಇಂದಿಗೂ ನಮ್ಮ ನಡುವೆ ಬಾಳುತ್ತಿದ್ದಾರೆ. ಸವದತ್ತಿಯ ಯಲ್ಲಮ್ಮನ ಗುಡ್ಡದ ಮೆಟ್ಟಿಲುಗಳನ್ನು ಅವರು ಏರುವುದು ಹೇಗೆ? ಗಾಲಿಕುರ್ಚಿಯಲ್ಲಿರುವ ಬಾಲಕಿಯು ಕಿತ್ತೂರಿನ ಕೋಟೆಯನ್ನು ಸುತ್ತಿ ನೋಡುವುದು ಹೇಗೆ? ಬೈಲಹೊಂಗಲದ ಬಸ್ ನಿಲ್ದಾಣದಲ್ಲಿ ಅಂಧನು ತನ್ನ ಊರಿನ ಬಸ್ಸನ್ನು ಗುರುತಿಸುವುದು ಹೇಗೆ? ಇವು ಔಷಧದಿಂದ ಬಗೆಹರಿಯುವ ಪ್ರಶ್ನೆಗಳಲ್ಲ.

ಇಂತಹ ಸಂಶೋಧನೆಗೆ ದೊಡ್ಡ ಪ್ರಯೋಗಾಲಯವೇ ಬೇಕೆಂದಿಲ್ಲ. ನಿಮ್ಮ ಶಾಲೆಯ ಬಾಗಿಲಿನ ಮುಂದೆ ಎಷ್ಟು ಮೆಟ್ಟಿಲುಗಳಿವೆ, ಇಳಿಜಾರಿನ ದಾರಿಯಿದೆಯೇ ಎಂಬುದನ್ನು ನೋಡಿರಿ. ಅನಂತರ, ಆ ಬಾಗಿಲನ್ನು ದಾಟಲು ಕಷ್ಟಪಡುವವರನ್ನೇ ಕೇಳಿರಿ. ಏನು ಬದಲಾಗಬೇಕೆಂಬುದನ್ನು ಅವರೇ ಚೆನ್ನಾಗಿ ಬಲ್ಲರು.